ಲಾರಿಯ ಸದ್ದಿನ ಕಥೆ

ರಾತ್ರಿ ನೀವು ಬಾನುಲಿ ಕೇಳುವಾಗ ಪುಣೆ-ಬೆಂಗಳೂರು ರಸ್ತೆಯಲ್ಲಿ ಲಾರಿಯೊಂದು ಗುಡುಗಿದರೆ ಕಿಟಕಿ ಮುಚ್ಚಿಕೊಳ್ಳುವಿರಿ; ಒಳಗೆ ಕುಳಿತ ಚಾಲಕನ ಗತಿಯೇನು?

1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಸಹಕಾರದಿಂದ ಜಮ್‌ಶೇಡಪುರದಲ್ಲಿ ಲಾರಿ ಕಟ್ಟತೊಡಗಿದರು. ಬಹುಕಾಲ ಎಷ್ಟೋ ಲಾರಿಗಳು ಬರಿಯ ಚಾಸಿಯಾಗಿಯೇ ಬರುತ್ತಿದ್ದವು. ಕಟ್ಟಿಗೆ, ತಗಡಿನ ಗೂಡನ್ನು ಊರ ಕುಶಲಿಗಳು ಕೂಡಿಸುತ್ತಿದ್ದರು. ಇಂಜಿನಿನ ಮುಚ್ಚಳದ ಮೇಲೆ ಹಾಸಿದ ಕಂಬಳಿ ಬಿಸಿಯನ್ನು ತಡೆದಷ್ಟು ಸದ್ದನ್ನು ತಡೆಯಲಿಲ್ಲ. ಏಕೆಂದರೆ ತಗಡು ತಾನೇ ತಮಟೆಯಂತೆ ನಡುಗುತ್ತದೆ. ಅದಕ್ಕೆ ಡಾಂಬರಿನ ಇಲ್ಲವೆ ಬ್ಯೂಟೈಲ್ ರಬ್ಬರಿನ ಭಾರವಾದ ಹಾಳೆ ಅಂಟಿಸಿದರೆ ನಡುಕವು ಶಾಖವಾಗಿ ಕರಗುತ್ತದೆ. ಮೇಲಣ ನಾರಿನ ಪದರ ಉಳಿದ ದನಿಯನ್ನು ಹೀರುತ್ತದೆ.

ದಿನಕ್ಕೆ 8 ತಾಸು 85 ಡೆಸಿಬೆಲ್ ಮೀರಿದ ಸದ್ದು ವರುಷಗಟ್ಟಲೆ ಬಿದ್ದರೆ ಕಿವಿ ಕೆಡುತ್ತದೆ. ಹೋದ ಶ್ರವಣ ಮರಳದು. ಹಳೆಯ ಲಾರಿಗೆ ಹೊಸ ಬಣ್ಣ ಬಳಿಸುವವರು ಅದರ ಒಳಮೈಯನ್ನೂ ನೆನೆಯಲಿ.