ಪುಡಿಂಗ್ ಬಟ್ಟಲಲ್ಲಿ ಒಂದು ಬಾಳೆಯ ಕಥೆ



ಬಾಳೆಹಣ್ಣು, ಹಾಲು, ಸಕ್ಕರೆ. ಈ ಮೂರೂ ಸೇರಿದರೆ ಸಿಹಿಗೆ ಇನ್ನೇನು ಬೇಕು? ಕರಾವಳಿಯವರು ತೆಂಗಿನ ಹಾಲು, ಬೆಲ್ಲ ಹಾಕಿ ರಸಾಯನ ಮಾಡುತ್ತಾರೆ. ಅಮೆರಿಕದ ದಕ್ಷಿಣ ರಾಜ್ಯಗಳ ಜನರು ಮಾಡುವುದು ಬನಾನಾ ಪುಡಿಂಗ್. ಅಲ್ಲಿ ಚರ್ಚಿನ ಊಟವಿರಲಿ, ನೆಂಟರಿಷ್ಟರು ಕೂಡುವ ದಿನವಿರಲಿ, ಸಾವಿನ ಮನೆಗೆ ನೆರೆಯವರು ಒಯ್ಯುವ ಅಡುಗೆಯಿರಲಿ, ದೊಡ್ಡ ಗಾಜಿನ ಬಟ್ಟಲಲ್ಲಿ ಈ ಪುಡಿಂಗ್ ಬಂದೇ ಬರುತ್ತದೆ. ತಮಾಷೆಯೆಂದರೆ, ಆ ರಾಜ್ಯಗಳಲ್ಲಿ ಮಾರಾಟಕ್ಕೆಂದು ಬಾಳೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ! ಹಾಗಾದರೆ ಬೆಳೆಯದ ಹಣ್ಣು ಅವರ ಮನೆತಿಂಡಿ ಆದದ್ದು ಹೇಗೆ?

1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಕಪ್ತಾನ ಜಮೈಕಾದಿಂದ 160 ಗೊನೆ ಬಾಳೆಯನ್ನು ಜೆರ್ಸಿ ಸಿಟಿಗೆ ತಂದು ಒಳ್ಳೆಯ ಲಾಭಕ್ಕೆ ಮಾರಿದ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಒಂದೊಂದು ಹಣ್ಣನ್ನೂ ತಗಡಿನ ಹಾಳೆಯಲ್ಲಿ ಸುತ್ತಿ ಹತ್ತು ಸೆಂಟ್‌ಗೆ ಮಾರುತ್ತಿದ್ದರಂತೆ. ಗ್ರಹಾಂ ಬೆಲ್ ತನ್ನ ಟೆಲಿಫೋನನ್ನು ಜನರಿಗೆ ತೋರಿಸಿದ್ದೂ ಅದೇ ಪ್ರದರ್ಶನದಲ್ಲಿ. ಅಂದರೆ ಆ ಕಾಲದ ಅಮೆರಿಕನ್ನರಿಗೆ ಟೆಲಿಫೋನೂ ಬಾಳೆಹಣ್ಣೂ ಒಂದೇ ಬಗೆಯ ಬೆರಗು!

ಬಾಳೆ ದುಬಾರಿ ಹಣ್ಣಾಗಿ ಬಹಳ ಕಾಲ ಉಳಿಯಲಿಲ್ಲ. ಮಧ್ಯ ಅಮೆರಿಕದಿಂದ ನ್ಯೂ ಆರ್ಲಿಯನ್ಸ್ ಬಂದರಿಗೆ ಹಡಗುಗಟ್ಟಲೆ ಗೊನೆಗಳು ಬಂದಿಳಿಯತೊಡಗಿದವು. ಅಲ್ಲಿಂದ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಉತ್ತರಕ್ಕೆ ಪಯಣ. ಕೆಂಟಕಿ ರಾಜ್ಯದ ಗಡಿಯಲ್ಲಿರುವ ಫುಲ್ಟನ್ ಎಂಬ ಪುಟ್ಟ ಊರಿನಲ್ಲಿ ಈ ರೈಲುಗಳು ನಿಂತು ಮತ್ತೆ ಮಂಜುಗಡ್ಡೆ ತುಂಬಿಸಿಕೊಳ್ಳುತ್ತಿದ್ದವು. ಒಂದು ಬಾಳೆಗಿಡವೂ ಇಲ್ಲದ ಆ ಊರು ಬಾಳೆಯ ರಾಜಧಾನಿ ಎಂದು ಹೆಸರಾಯಿತು! 1960ರ ದಶಕದಿಂದ ಅಲ್ಲಿ ಬಾಳೆ ಉತ್ಸವ ನಡೆಸಿ, ಒಂದು ಟನ್ ತೂಕದ ಪುಡಿಂಗ್ ಮಾಡಿ ಹಂಚುತ್ತಿದ್ದರು. ಹಣ್ಣು ಅಗ್ಗವಾದಾಗ, ಅದೂ ಎರಡು ದಿನದಲ್ಲಿ ಕಪ್ಪಾಗುವ ಹಣ್ಣಾದಾಗ, ಮನೆಯಾಕೆ ಏನು ಮಾಡಬೇಕು? ಕೆಡುವ ಮೊದಲೇ ಸಿಹಿ ಮಾಡಬೇಕು.

ಅದಕ್ಕೆ ಅಡಿಪಾಯ ಸಿದ್ಧವಾಗಿಯೇ ಇತ್ತು. ಇಂಗ್ಲಿಷರ ಟ್ರೈಫಲ್ ಎಂಬ ತಿನಿಸಿನಲ್ಲಿ ಕೇಕ್, ಹಣ್ಣು, ಕಸ್ಟರ್ಡ್‌ಗಳನ್ನು ಪದರ ಪದರವಾಗಿ ಜೋಡಿಸುತ್ತಾರೆ. 1888ರಲ್ಲಿ ಗುಡ್ ಹೌಸ್‌ಕೀಪಿಂಗ್ ಪತ್ರಿಕೆ ಅಚ್ಚು ಹಾಕಿದ ಬಾಳೆಹಣ್ಣಿನ ಪುಡಿಂಗ್ ಕೂಡ ಇದೇ ಜಾತಿಯದು, ಸ್ಪಂಜ್ ಕೇಕ್ ಹಾಕಿ ಮಾಡುವಂಥದ್ದು. ಕೇಕಿನ ಜಾಗಕ್ಕೆ ವೆನಿಲ್ಲಾ ಬಿಸ್ಕತ್ತು ಬಂದದ್ದು 1920ರ ದಶಕದ ಹೊತ್ತಿಗೆ. ಯಾವುದೋ ಮನೆಯಾಕೆಯ ಉಪಾಯ ಅದು. 1940ರ ದಶಕದಲ್ಲಿ ನಬಿಸ್ಕೋ ಕಂಪನಿ ತನ್ನ ಬಿಸ್ಕತ್ತಿನ ಪೆಟ್ಟಿಗೆಯ ಮೇಲೆಯೇ ಪುಡಿಂಗ್ ಮಾಡುವ ಕ್ರಮವನ್ನು ಮುದ್ರಿಸಿತು. ಅಲ್ಲಿಂದ ಅದು ಮನೆಮನೆಯ ಮಾತಾಯಿತು.

ಮಾಡುವುದೇನೂ ಕಷ್ಟವಲ್ಲ. ಎರಡು ಕಪ್ ಹಾಲು, ಅರ್ಧ ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಮೈದಾ, ಮೂರು ಮೊಟ್ಟೆಯ ಹಳದಿ, ಚಿಟಿಕೆ ಉಪ್ಪು. ಇವನ್ನು ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಇಳಿಸಿ ವೆನಿಲ್ಲಾ ಬೆರೆಸಬೇಕು. ಬಟ್ಟಲಿನಲ್ಲಿ ಬಿಸ್ಕತ್ತು, ಅದರ ಮೇಲೆ ಬಾಳೆಹಣ್ಣಿನ ಬಿಲ್ಲೆಗಳು, ಅದರ ಮೇಲೆ ಬಿಸಿ ಕಸ್ಟರ್ಡ್. ಮತ್ತೆ ಅದೇ ಕ್ರಮ. ಹಳೆಯ ಕಾಲದವರು ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ನೊರೆಬರಿಸಿ ಮೇಲೆ ಹರಡಿ ಒಲೆಯಲ್ಲಿ ಕಂದುಬಣ್ಣ ಬರಿಸುತ್ತಾರೆ. ನಾಲ್ಕಾರು ಗಂಟೆ ತಣ್ಣಗಿಟ್ಟರೆ ಬಿಸ್ಕತ್ತು ಕಸ್ಟರ್ಡ್ ಕುಡಿದು ಕೇಕಿನಂತೆ ಮೆತ್ತಗಾಗುತ್ತದೆ. ರುಚಿಯ ಗುಟ್ಟು ಇರುವುದು ಈ ಕಾಯುವಿಕೆಯಲ್ಲೇ.

ಮೊಟ್ಟೆ ತಿನ್ನದವರಿಗೂ ದಾರಿಯುಂಟು. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ತನ್ನ ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲವೆಂದು ಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ತಯಾರಿಸಿದ. ಇಂದು ನಮ್ಮ ಸಸ್ಯಾಹಾರಿ ಮನೆಗಳ ಫ್ರೂಟ್ ಕಸ್ಟರ್ಡ್‌ಗೆ ಮೂಲ ಆ ಗಂಡನ ಕಾಳಜಿ!

ಆದರೆ ಮಿತ್ರರೇ, ಈ ಸಿಹಿ ಬಟ್ಟಲಿನ ತಳದಲ್ಲಿ ಕಹಿಯೂ ಇದೆ. ಬಾಳೆ ಅಗ್ಗವಾಗಿ ಸಿಗುತ್ತಿದ್ದುದು ಸುಮ್ಮನೆ ಅಲ್ಲ. 1899ರಲ್ಲಿ ಹುಟ್ಟಿದ ಯುನೈಟೆಡ್ ಫ್ರೂಟ್ ಕಂಪನಿಯ ಕೈಯಲ್ಲಿ ಮಧ್ಯ ಅಮೆರಿಕದ ನೆಲ, ರೈಲು, ಬಂದರು ಎಲ್ಲವೂ ಸೇರಿದವು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಕಂಪನಿಯ ತೋಟದಾಳುಗಳು ಮುಷ್ಕರ ಹೂಡಿದ್ದರು. ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ರಜೆ, ಚೀಟಿಯ ಬದಲು ನಗದು ಕೂಲಿ, ಇಷ್ಟು ಕೇಳಿದ್ದಕ್ಕೆ ಸೈನ್ಯ ಗುಂಡು ಹಾರಿಸಿತು. ಸತ್ತವರ ಲೆಕ್ಕ ಇಂದಿಗೂ ವಿವಾದವಾಗಿಯೇ ಉಳಿದಿದೆ. ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ತನ್ನ 1967ರ ಕಾದಂಬರಿಯಲ್ಲಿ ಆ ಘಟನೆಯನ್ನು ಅಜರಾಮರಗೊಳಿಸಿದ. 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಅಧ್ಯಕ್ಷ ಆರ್ಬೆನ್ಸ್ ಕಂಪನಿಯ ಬೀಳು ಭೂಮಿಯನ್ನು ರೈತರಿಗೆ ಹಂಚಲು ಹೊರಟು, ಅಮೆರಿಕದ ಗೂಢಚಾರ ಸಂಸ್ಥೆ ನಡೆಸಿದ ದಂಗೆಯಲ್ಲಿ ಅಧಿಕಾರ ಕಳೆದುಕೊಂಡ.

ಇನ್ನೊಂದು ಸಂಗತಿ ನಮ್ಮ ಮನೆಬಾಗಿಲಿಗೇ ಬರುತ್ತದೆ. ಆ ಕಾಲದ ಪುಡಿಂಗಿನಲ್ಲಿ ಇದ್ದದ್ದು ಗ್ರೋ ಮಿಶೆಲ್ ಎಂಬ ಪರಿಮಳದ ಬಾಳೆ. ತಿನ್ನುವ ಬಾಳೆಗೆ ಬೀಜವಿಲ್ಲ, ಕಂದಿನಿಂದಲೇ ಬೆಳೆಯಬೇಕು. ಹಾಗಾಗಿ ಲಕ್ಷ ಗಿಡವಿದ್ದರೂ ಅವೆಲ್ಲ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ಮಣ್ಣಿನ ಫ್ಯುಸೇರಿಯಂ ಶಿಲೀಂಧ್ರ ತರುವ ಪನಾಮಾ ಸೊರಗು ರೋಗ ತೋಟದ ಮೇಲೆ ತೋಟವನ್ನು ನುಂಗಿತು. 1960ರ ದಶಕದ ಹೊತ್ತಿಗೆ ಗ್ರೋ ಮಿಶೆಲ್ ರಫ್ತು ಮಾರುಕಟ್ಟೆಯಿಂದ ಮಾಯವಾಯಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಷ್, ನಾವು ಪಚ್ಚಬಾಳೆ ಎನ್ನುವ ಬಳಗದ್ದು. ಮುಂಬೈ, ದೆಹಲಿಯ ಗಾಡಿಗಳಲ್ಲಿ ನೀವು ದಿನಾ ಕಾಣುವ ಹಣ್ಣಿನ ಬಹುಪಾಲು ಅದೇ.

ಇದೇ ರೋಗ ನಮ್ಮ ನಂಜನಗೂಡಿನ ರಸಬಾಳೆಯನ್ನೂ ಕಾಡಿತು. ತೆಳು ಸಿಪ್ಪೆಯ, ಘಮಘಮಿಸುವ ಆ ಹಣ್ಣಿನ ತೋಟಗಳು ಕರಗುತ್ತಾ ಬಂದು, ಬೆಳೆಯುವವರು ಬೆರಳೆಣಿಕೆಗೆ ಇಳಿದರು. 2000ದ ದಶಕದಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಹೆಮ್ಮೆಯ ವಿಷಯವೇ. ಆದರೆ ಮಣ್ಣಿನಲ್ಲಿ ಕೂತ ರೋಗ ಪ್ರಮಾಣಪತ್ರ ಓದುವುದಿಲ್ಲವಲ್ಲ! ಈಗ ಕ್ಯಾವೆಂಡಿಷ್‌ಗೂ ಆ ಶಿಲೀಂಧ್ರದ ಹೊಸ ತಳಿ ಗಂಟುಬಿದ್ದಿದೆ. 2019ರಲ್ಲಿ ಅದು ಕೊಲಂಬಿಯಾ ತಲುಪಿತು.

ಅಮೆರಿಕದ ಅಜ್ಜಿಯರು ತಮ್ಮ ಪುಡಿಂಗಿನ ಹಳೆಯ ರುಚಿ ಕಳೆದುಕೊಂಡದ್ದು ಒಂದೇ ತಳಿಯನ್ನು ನಂಬಿದ್ದಕ್ಕೆ. ನಮ್ಮಲ್ಲಿ ಇನ್ನೂ ಆಯ್ಕೆ ಉಳಿದಿದೆ. ಮುಂಬೈ, ಪುಣೆಯವರಿಗೆ ಏಲಕ್ಕಿ ಬಾಳೆ 'ವೇಲ್ಚಿ' ಎಂಬ ಹೆಸರಲ್ಲಿ ಸಿಗುತ್ತದೆ. ಚೆನ್ನೈಯವರಿಗೆ ರಸಬಾಳೆಯ ಬಳಗದ್ದೇ ಆದ ರಸ್ತಾಳಿ ಸಿಗುತ್ತದೆ. ಊರಿಗೆ ಹೋದಾಗ ನಂಜನಗೂಡಿನ ಹಣ್ಣು ಕಂಡರೆ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳಿ. ಕೊಳ್ಳುವವರಿದ್ದರೆ ತಾನೇ ಬೆಳೆಯುವವರು ಉಳಿಯುವುದು? ಈ ಭಾನುವಾರ ಅಂಥ ಹಣ್ಣಿನಲ್ಲೇ ಪುಡಿಂಗ್ ಮಾಡಿ ನೋಡಿ. ರುಚಿ ಹೇಗಿತ್ತೆಂದು ನಮಗೆ ಬರೆದು ತಿಳಿಸಲು ಮರೆಯಬೇಡಿ.