ಗಿನಿ ಪಿಗ್‌ಗೆ ಅಂಗಡಿಯ ಪುಟ್ಟ ಪಂಜರ ಸಾಕೇ? ಮನೆಯಲ್ಲೇ ಸರಿಯಾದ ಅಳತೆಯ ಗೂಡು ಮಾಡುವ ವಿಧಾನ

ಮಕ್ಕಳ ಹಟಕ್ಕೆ ಮಣಿದು ಎರಡು ಗಿನಿ ಪಿಗ್ ಮನೆಗೆ ತರುತ್ತೇವೆ. ಜೊತೆಗೆ ಅಂಗಡಿಯವರು ಒಂದು ಪುಟ್ಟ ತಂತಿ ಪಂಜರವನ್ನೂ ಕೊಡುತ್ತಾರೆ. "ಇಷ್ಟು ಸಾಕು ಸರ್, ಇವು ಜಾಸ್ತಿ ಓಡಾಡಲ್ಲ" ಎನ್ನುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದರ ಪಾದ ಊದಿಕೊಳ್ಳುತ್ತದೆ, ಇನ್ನೊಂದು ಮೂಲೆಯಲ್ಲೇ ಮುದುಡಿ ಕೂರುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಸತ್ತುಬಿದ್ದಿರುತ್ತದೆ. "ಇವುಗಳ ಆಯಸ್ಸೇ ಅಷ್ಟು" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಆದರೆ ಅದು ನಿಜವಲ್ಲ. ಸರಿಯಾಗಿ ನೋಡಿಕೊಂಡರೆ ಗಿನಿ ಪಿಗ್ 5ರಿಂದ 8 ವರ್ಷ ಬದುಕುತ್ತದೆ. ಅದರ ಆರೋಗ್ಯ ಕೆಡಲು ಆಹಾರದಷ್ಟೇ ದೊಡ್ಡ ಕಾರಣ ಅದು ವಾಸಿಸುವ ಜಾಗ. ಒಳ್ಳೆಯ ಸುದ್ದಿ ಏನೆಂದರೆ, ಸರಿಯಾದ ಅಳತೆಯ ಗೂಡನ್ನು ಮನೆಯಲ್ಲೇ ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು. ವೆಲ್ಡಿಂಗ್ ಬೇಕಿಲ್ಲ, ಬಡಗಿಯೂ ಬೇಕಿಲ್ಲ.

ಗಿನಿ ಪಿಗ್‌ಗೆ ಎಷ್ಟು ಜಾಗ ಬೇಕು?

ಹೆಸರಿನಲ್ಲಿ 'ಪಿಗ್' ಇದ್ದರೂ ಇದು ಹಂದಿಯಲ್ಲ. ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಪ್ರಾಣಿ. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕಲು ಶುರುಮಾಡಿದರು. ಬೆಳೆದ ಗಿನಿ ಪಿಗ್ ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದ, 700 ಗ್ರಾಂನಿಂದ 1,200 ಗ್ರಾಂ ತೂಕ ಇರುತ್ತದೆ. ಅಂಗಡಿಯಲ್ಲಿ ನಾವು ನೋಡುವುದು ಸಾಮಾನ್ಯವಾಗಿ ಕೆಲವೇ ವಾರಗಳ ಮರಿಯನ್ನು. ಹಾಗಾಗಿ ಆವತ್ತು ದೊಡ್ಡದಾಗಿ ಕಂಡ ಪಂಜರ ಕೆಲವೇ ತಿಂಗಳಲ್ಲಿ ಇಕ್ಕಟ್ಟಾಗುತ್ತದೆ.

ಅಮೆರಿಕದ ಪ್ರಾಣಿ ಕಲ್ಯಾಣ ಸಂಸ್ಥೆ ಹ್ಯೂಮೇನ್ ಸೊಸೈಟಿ ನೀಡಿದ, ಸಾಕುವವರು ಹೆಚ್ಚಾಗಿ ಪಾಲಿಸುವ ಅಳತೆ ಹೀಗಿದೆ:

• 1 ಅಥವಾ 2 ಗಿನಿ ಪಿಗ್: ಕನಿಷ್ಠ 7.5 ಚದರಡಿ. ಎರಡಿದ್ದರೆ 10.5 ಚದರಡಿ ಉತ್ತಮ.
• 3 ಗಿನಿ ಪಿಗ್: ಕನಿಷ್ಠ 10.5 ಚದರಡಿ. 13 ಚದರಡಿ ಉತ್ತಮ.
• 4 ಗಿನಿ ಪಿಗ್: ಕನಿಷ್ಠ 13 ಚದರಡಿ. ಇನ್ನೂ ಹೆಚ್ಚಿದ್ದರೆ ಒಳ್ಳೆಯದು.

ಇದು ನೆಲದ ಅಳತೆ, ಎತ್ತರದ್ದಲ್ಲ. ಎರಡು ಗಂಡುಗಳಿದ್ದರೆ ಜಗಳ ತಪ್ಪಿಸಲು ಕನಿಷ್ಠಕ್ಕಿಂತ ಹೆಚ್ಚು ಜಾಗ ಕೊಡಿ.

ಟೇಪ್ ಹಿಡಿದು ಅಳೆಯಲು ಬೇಜಾರೇ? ಮನೆಗೆ ಬರುವ ದಿನಪತ್ರಿಕೆಯ ಒಂದು ಜೋಡಿ ಹಾಳೆ ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ. ಅದು ಸುಮಾರು ಮೂರೂಮುಕ್ಕಾಲು ಚದರಡಿ. ಅಂಥ ಎರಡು ಜೋಡಿ ಹಾಳೆ ಹಾಸಿದರೆ ಕನಿಷ್ಠ ಅಳತೆ ಸಿಕ್ಕಿತು. 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಂಜರದ ನೆಲ ಕೇವಲ 3 ಚದರಡಿ. ಅಂದರೆ ಒಂದು ಜೋಡಿ ಹಾಳೆಗೂ ಸಾಲದು!

ಜಾಗ ಕಡಿಮೆಯಾದರೆ ಏನಾಗುತ್ತದೆ?

ಖುಷಿಯಾದಾಗ ಗಿನಿ ಪಿಗ್ ನೇರವಾಗಿ ಓಡಿ, ನಿಂತಲ್ಲೇ ಹುರಿದ ಜೋಳದಂತೆ ಚಿಮ್ಮುತ್ತದೆ. ಇದನ್ನೇ ಸಾಕುವವರು 'ಪಾಪ್‌ಕಾರ್ನಿಂಗ್' ಎನ್ನುತ್ತಾರೆ. ಪುಟ್ಟ ಪಂಜರದಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಓಡಾಟವಿಲ್ಲದೆ ಬೊಜ್ಜು ಬರುತ್ತದೆ. ತನ್ನದೇ ಮೂತ್ರ, ಹಿಕ್ಕೆಗಳ ಮೇಲೆ ಕೂರಬೇಕಾಗುವುದರಿಂದ ಪಾದಕ್ಕೆ ಹುಣ್ಣಾಗುತ್ತದೆ. ಮೂತ್ರದಿಂದ ಏಳುವ ಅಮೋನಿಯಾ ಶ್ವಾಸಕೋಶವನ್ನು ಕೆಡಿಸುತ್ತದೆ. ಒಂದಕ್ಕೊಂದು ದೂರ ಸರಿಯಲು ಜಾಗವಿಲ್ಲದೆ ಜಗಳವೂ ಶುರುವಾಗುತ್ತದೆ.

ಗೂಡು ಕೊಳಕಾಗಿದ್ದರೆ ಮನೆಯವರಿಗೂ ತೊಂದರೆಯೇ. ಗಜಕರ್ಣದಂಥ ಶಿಲೀಂಧ್ರ ಸೋಂಕು ಗಿನಿ ಪಿಗ್‌ನಿಂದ ಮಕ್ಕಳ ಚರ್ಮಕ್ಕೂ ಹರಡಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ಮಾಡಿಸಿ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಎರಡು ಮೂರು ಮಹಡಿಯ ಎತ್ತರದ ಪಂಜರ ಕೊಟ್ಟರೆ ಜಾಗ ಸಾಕಾಗುತ್ತದೆ.
ವಾಸ್ತವ: ಗಿನಿ ಪಿಗ್ ಬೆಕ್ಕಿನಂತೆ ಹತ್ತಿ ಇಳಿಯುವ ಪ್ರಾಣಿಯಲ್ಲ, ನೆಲದ ಮೇಲೆ ಓಡುವ ಪ್ರಾಣಿ. ಎತ್ತರದಿಂದ ಬಿದ್ದರೆ ಕಾಲು ಮುರಿಯುತ್ತದೆ. ಮಹಡಿ ಬೇಕೇ ಬೇಕೆಂದರೆ ಕೆಳಗಿನ ನೆಲ ಪೂರ್ತಿ ಅಳತೆಯಲ್ಲಿರಲಿ. ಮೇಲಿನದು ತಗ್ಗಾಗಿದ್ದು, ಅಂಚಿಗೆ ತಡೆಯಿರಲಿ, ಇಳಿಜಾರು ತೀರಾ ಕಡಿದಾಗಿರಬಾರದು.

ನಂಬಿಕೆ: ನೆಲಕ್ಕೆ ತಂತಿ ಜಾಲರಿ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಸ್ವಚ್ಛವಾಗಿರುತ್ತದೆ.
ವಾಸ್ತವ: ಸ್ವಚ್ಛವಾಗುವುದು ನಮಗೆ, ನೋವು ಅದಕ್ಕೆ. ಗಿನಿ ಪಿಗ್‌ನ ಅಂಗಾಲಿನಲ್ಲಿ ಕೂದಲಿಲ್ಲ. ತಂತಿ ಒತ್ತಿ ಹುಣ್ಣಾಗುತ್ತದೆ, ಕಾಲು ಸಿಕ್ಕಿಕೊಂಡರೆ ಮುರಿಯುತ್ತದೆ. ನೆಲ ಗಟ್ಟಿಯಾಗಿರಬೇಕು, ಮೇಲೆ ಮೆತ್ತನೆಯ ಹಾಸು ಇರಬೇಕು.

ನಂಬಿಕೆ: ಹಳೆಯ ಮೀನಿನ ತೊಟ್ಟಿಯಲ್ಲಿ ಸಾಕಬಹುದು.
ವಾಸ್ತವ: ಗಾಜಿನ ತೊಟ್ಟಿಯಲ್ಲಿ ಗಾಳಿ ಆಡುವುದಿಲ್ಲ. ಬಿಸಿ ಮತ್ತು ಅಮೋನಿಯಾ ಎರಡೂ ಒಳಗೇ ಉಳಿಯುತ್ತವೆ.

ನಂಬಿಕೆ: ಜಾಗ ಕಡಿಮೆಯಿದ್ದರೂ ಓಡಲು ಚಕ್ರ ಇಟ್ಟರೆ ಸಾಕು.
ವಾಸ್ತವ: ಚಕ್ರ, ಪ್ಲಾಸ್ಟಿಕ್ ಚೆಂಡು ಗಿನಿ ಪಿಗ್‌ಗೆ ಹೊಂದುವುದಿಲ್ಲ. ಅದರ ಬೆನ್ನು ಹಿಂದಕ್ಕೆ ಬಾಗುವಂಥದ್ದಲ್ಲ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ.

ನಂಬಿಕೆ: ಒಂದೇ ಸಾಕಿದರೆ ಸಣ್ಣ ಗೂಡು ಸಾಕು. ಬೇಕಾದರೆ ಜೊತೆಗೆ ಮೊಲ ಬಿಡಬಹುದು.
ವಾಸ್ತವ: ಇದು ಗುಂಪಿನಲ್ಲಿ ಬಾಳುವ ಜೀವಿ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿ ಪಿಗ್ ಅನ್ನು ಒಂಟಿಯಾಗಿ ಸಾಕುವುದೇ ಕಾನೂನುಬಾಹಿರ. ಮೊಲ ಇದಕ್ಕೆ ಸರಿಯಾದ ಜೊತೆಯಲ್ಲ. ಮೊಲದ ಒದೆತದಿಂದ ಗಾಯವಾಗಬಹುದು, ಮೊಲಕ್ಕೆ ಏನೂ ಮಾಡದ ಕೆಲವು ಬ್ಯಾಕ್ಟೀರಿಯಾ ಗಿನಿ ಪಿಗ್‌ಗೆ ನ್ಯುಮೋನಿಯಾ ತರಬಹುದು. ಎರಡು ಹೆಣ್ಣು ಅಥವಾ ಹೊಂದಿಕೊಂಡ ಎರಡು ಗಂಡು ಒಳ್ಳೆಯ ಜೋಡಿ. ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಎರಡೇ ತಿಂಗಳಲ್ಲಿ ಮರಿಗಳು ಬರುತ್ತವೆ, ಆಗ ಯಾವ ಗೂಡೂ ಸಾಲುವುದಿಲ್ಲ.

ನಂಬಿಕೆ: ಪ್ರಯೋಗಾಲಯಗಳಲ್ಲಿ ಸಣ್ಣ ಪೆಟ್ಟಿಗೆಯಲ್ಲೇ ಇಡುತ್ತಾರಲ್ಲ, ಮನೆಯಲ್ಲಿ ಯಾಕೆ ಆಗದು?
ವಾಸ್ತವ: ಅಮೆರಿಕದ ಪ್ರಯೋಗಾಲಯ ಮಾರ್ಗದರ್ಶಿಯಲ್ಲಿ ಬೆಳೆದ ಒಂದು ಗಿನಿ ಪಿಗ್‌ಗೆ ಕನಿಷ್ಠ 101 ಚದರ ಇಂಚು, ಅಂದರೆ ಮುಕ್ಕಾಲು ಚದರಡಿಗಿಂತಲೂ ಕಡಿಮೆ ಜಾಗ ಹೇಳಲಾಗಿದೆ. ಅದು ಸಂಶೋಧನೆಗೆ ಇಡುವ ಪ್ರಾಣಿಗೆ ಹಾಕಿದ ಕೆಳಮಿತಿ. ಹಲವು ವರ್ಷ ಮನೆಯವರ ಜೊತೆ ಬಾಳಬೇಕಾದ ಪ್ರಾಣಿಗೆ ಅದು ಮಾದರಿಯಲ್ಲ.

ಮನೆಯಲ್ಲೇ ಗೂಡು: ಬೇಕಾಗುವ ಸಾಮಾನು

ತಂತಿ ಫಲಕಗಳ ಗೋಡೆ, ಪ್ಲಾಸ್ಟಿಕ್ ಹಾಳೆಯ ತಳ. ಈ ಸರಳ ವಿಧಾನ ವಿದೇಶಗಳಲ್ಲಿ ಗಿನಿ ಪಿಗ್ ಸಾಕುವವರಲ್ಲಿ ತುಂಬಾ ಜನಪ್ರಿಯ. ಎರಡು ಗಿನಿ ಪಿಗ್‌ಗೆ ಬೇಕಾಗುವುದು ಇಷ್ಟು:

• 14 ಇಂಚು ಚದರದ 12 ತಂತಿ ಫಲಕ. ಬಟ್ಟೆ, ಚಪ್ಪಲಿ ಇಡಲು ನಾವೇ ಜೋಡಿಸಿಕೊಳ್ಳುವ ತಂತಿ ರ್ಯಾಕ್‌ಗಳಲ್ಲಿ ಇವು ಇರುತ್ತವೆ. ಕಿಂಡಿಗಳು ಒಂದೂವರೆ ಇಂಚಿಗಿಂತ ದೊಡ್ಡದಿರಬಾರದು, ತಲೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.
• 6 ಅಡಿ ಉದ್ದ, 4 ಅಡಿ ಅಗಲದ ಒಂದು ಸನ್‌ಪ್ಯಾಕ್ ಶೀಟ್. ಚುನಾವಣೆ ಬಂದಾಗ, ಕೋಚಿಂಗ್ ಸೆಂಟರ್ ಶುರುವಾದಾಗ ಲೈಟ್ ಕಂಬಕ್ಕೆ ಕಟ್ಟುತ್ತಾರಲ್ಲ, ಒಳಗೆ ಟೊಳ್ಳು ಗೆರೆಗಳಿರುವ ಹಗುರ ಬೋರ್ಡು, ಅದೇ. ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಕೇಳಿ. ಏನೂ ಮುದ್ರಿಸದ ಹೊಸ ಹಾಳೆ ತೆಗೆದುಕೊಳ್ಳಿ.
• ಸುಮಾರು 36 ಪ್ಲಾಸ್ಟಿಕ್ ಕೇಬಲ್ ಟೈ, ಅಗಲವಾದ ಟೇಪ್, ಅಳತೆ ಟೇಪ್, ಕಟರ್, ಉದ್ದನೆಯ ಸ್ಕೇಲು.

ಫಲಕ 12 ಇಂಚಿನದ್ದೇ ಸಿಕ್ಕಿದರೆ ಉದ್ದಕ್ಕೆ 5, ಅಗಲಕ್ಕೆ 2 ಬರುವಂತೆ ಒಟ್ಟು 14 ಫಲಕ ಬಳಸಿ. ಆಗ ಹಾಳೆಯೂ ಅದೇ ಲೆಕ್ಕದಲ್ಲಿ ಬದಲಾಗುತ್ತದೆ.

ಮಾಡುವ ವಿಧಾನ

1. ಉದ್ದದ ಎರಡು ಬದಿಗೆ ನಾಲ್ಕು ನಾಲ್ಕು, ಅಗಲದ ಎರಡು ಬದಿಗೆ ಎರಡೆರಡು ಫಲಕ ನಿಲ್ಲಿಸಿ. ಪ್ರತಿ ಜೋಡಣೆಗೆ ಮೇಲೆ, ನಡುವೆ, ಕೆಳಗೆ ಒಂದೊಂದು ಟೈ ಬಿಗಿಯಿರಿ. ಉಳಿದ ಬಾಲವನ್ನು ಕತ್ತರಿಸಿ, ಚೂಪು ತುದಿ ಹೊರಗಿರಲಿ. ಸುಮಾರು 56 ಇಂಚು ಉದ್ದ, 28 ಇಂಚು ಅಗಲದ ಚೌಕಟ್ಟು ಸಿದ್ಧವಾಯಿತು.

2. ಸನ್‌ಪ್ಯಾಕ್ ಹಾಳೆಯನ್ನು 67 ಇಂಚು ಉದ್ದ, 39 ಇಂಚು ಅಗಲಕ್ಕೆ ಕತ್ತರಿಸಿ. ನಾಲ್ಕೂ ಅಂಚಿನಿಂದ ಒಳಕ್ಕೆ 6 ಇಂಚು ಬಿಟ್ಟು ಗೆರೆ ಎಳೆಯಿರಿ. ನಡುವೆ ಉಳಿಯುವ 55 × 27 ಇಂಚು ಗೂಡಿನ ನೆಲ, ಅಂದರೆ 10 ಚದರಡಿಗೂ ಸ್ವಲ್ಪ ಹೆಚ್ಚು.

3. ಗೆರೆಯ ಮೇಲೆ ಕಟರ್ ಹಗುರವಾಗಿ ಆಡಿಸಿ. ಮೇಲಿನ ಪದರ ಮಾತ್ರ ಸೀಳಬೇಕು, ಹಾಳೆ ಎರಡಾಗಬಾರದು. ಸೀಳಿದ ಬದಿ ಹೊರಗೆ ಬರುವಂತೆ ಅಂಚುಗಳನ್ನು ಮೇಲಕ್ಕೆ ಮಡಿಸಿ.

4. ಪ್ರತಿ ಮೂಲೆಯಲ್ಲಿ ಎರಡು ಗೆರೆಗಳ ಪೈಕಿ ಒಂದನ್ನು ಮಾತ್ರ ಅಂಚಿನಿಂದ 6 ಇಂಚು ಪೂರ್ತಿ ಕತ್ತರಿಸಿ. ಬಿಡಿಯಾದ ತುಂಡನ್ನು ಪಕ್ಕದ ಗೋಡೆಯ ಹೊರಗೆ ಮಡಚಿ ಟೇಪ್ ಹಾಕಿ. ಟೇಪ್ ಹೊರಗೇ ಇರಲಿ, ಒಳಗಿದ್ದರೆ ಕಡಿದು ತಿನ್ನುತ್ತವೆ.

5. ಈ ತಟ್ಟೆಯನ್ನು ಚೌಕಟ್ಟಿನೊಳಗೆ ಕೂರಿಸಿ. 6 ಇಂಚಿನ ಗೋಡೆ ಹುಲ್ಲು, ಹಿಕ್ಕೆ ಹೊರಗೆ ಚೆಲ್ಲದಂತೆ ತಡೆಯುತ್ತದೆ. ಮರಿಗಳು ಕಿಂಡಿಯಲ್ಲಿ ನುಸುಳದಂತೆಯೂ ಕಾಯುತ್ತದೆ.

ಗಿನಿ ಪಿಗ್ ಸಾಮಾನ್ಯವಾಗಿ 14 ಇಂಚು ಎತ್ತರ ಹಾರುವುದಿಲ್ಲ. ಆದರೆ ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಅಥವಾ ಕಿಟಕಿಯಿಂದ ಬೀದಿ ಬೆಕ್ಕು ಬರುವಂತಿದ್ದರೆ ಮೇಲೂ ಫಲಕ ಹಾಕಿ ಮುಚ್ಚಲೇಬೇಕು. ಬಡಗಿಯಿಂದ ಮರದ ಗೂಡು ಮಾಡಿಸುವವರು ಕೋಳಿ ಜಾಲರಿಯ ಬದಲು ಗಟ್ಟಿಯಾದ ವೆಲ್ಡ್ ಮೆಶ್ ಹಾಕಿಸಿ. ಪ್ಲೈವುಡ್ ಮೂತ್ರ ಹೀರಿ ನಾರುತ್ತದೆ, ಅದರ ಮೇಲೂ ಪ್ಲಾಸ್ಟಿಕ್ ತಟ್ಟೆ ಇರಲಿ.

ಗೂಡಿನ ಒಳಗೆ

ನೆಲಕ್ಕೆ ದಪ್ಪ ಹತ್ತಿ ಟವೆಲ್, ಅದರ ಮೇಲೆ ಫ್ಲೀಸ್ ಬಟ್ಟೆ ಹಾಸಿ. ಹೊಸ ಫ್ಲೀಸ್ ಅನ್ನು ಮೊದಲು ಎರಡು ಮೂರು ಸಲ ಒಗೆಯಿರಿ, ಇಲ್ಲದಿದ್ದರೆ ಮೂತ್ರ ಕೆಳಗಿಳಿಯದೆ ಮೇಲೇ ನಿಲ್ಲುತ್ತದೆ. ಸಾಮಿಲ್‌ನ ಮರದ ಹೊಟ್ಟು ಬೇಡ. ಅದರ ಧೂಳು ಮೂಗು, ಕಣ್ಣಿಗೆ ತೊಂದರೆ ಕೊಡುತ್ತದೆ. ಘಮ ಬರುವ ದೇವದಾರು ಜಾತಿಯ ಮರದ ಪುಡಿಯಂತೂ ಬೇಡವೇ ಬೇಡ.

ಒಂದಕ್ಕೊಂದರಂತೆ ಅಡಗುವ ಡಬ್ಬ ಇಡಿ. ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕೊರೆದರೆ ಸಾಕು. ಒಂದೇ ಬಾಗಿಲಿದ್ದರೆ ಬಲವಾದದ್ದು ಇನ್ನೊಂದನ್ನು ಒಳಗೇ ಅಡ್ಡಗಟ್ಟುತ್ತದೆ. ಹಲ್ಲು ಜೀವನಪೂರ್ತಿ ಬೆಳೆಯುವುದರಿಂದ ಒಣಹುಲ್ಲು ದಿನವಿಡೀ ಸಿಗುವಂತಿರಲಿ. ನೀರಿನ ಬಾಟಲಿ ಎರಡಿರಲಿ, ಒಂದು ಕಟ್ಟಿಕೊಂಡರೆ ಇನ್ನೊಂದು ಇರುತ್ತದೆ.

ಎಲ್ಲಿ ಇಡಬೇಕು?

ಗಿನಿ ಪಿಗ್ ತಂಪು ಪ್ರದೇಶದ ಪ್ರಾಣಿ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 27–28 ಡಿಗ್ರಿ ದಾಟಿದರೆ ಎಚ್ಚರ ಬೇಕು. ಹಾಗಾಗಿ ಗೂಡು ತಾರಸಿ, ಶೀಟ್ ಮನೆಯ ಮಾಡಿನ ಕೆಳಗೆ, ಬಿಸಿಲು ಬೀಳುವ ಬಾಲ್ಕನಿಯಲ್ಲಿ ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಮನೆಯ ಅತಿ ತಂಪಾದ ಕೋಣೆಯನ್ನೇ ಕೊಡಬೇಕಾಗುತ್ತದೆ. ಅಷ್ಟೂ ತಂಪು ಮಾಡಲು ಆಗದಿದ್ದರೆ ಸಾಕದಿರುವುದೇ ಒಳ್ಳೆಯದು. ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನ ಒಂದು ಬದಿ ಇಟ್ಟರೆ ಒರಗಿ ಮಲಗುತ್ತವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಹುಲ್ಲು ಬೂಷ್ಟು ಹಿಡಿಯುತ್ತದೆ, ಅಂಥದ್ದನ್ನು ಹಾಕಬೇಡಿ.

ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಕೈಕಾಲು ಚಾಚಿ ಬೀಳುವುದು ಬಿಸಿಲಾಘಾತದ ಲಕ್ಷಣ. ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ. ಅರ್ಧ ದಿನ ಏನೂ ತಿನ್ನದಿದ್ದರೂ ಅಷ್ಟೇ. ಈ ಪ್ರಾಣಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, "ನಾಳೆ ನೋಡೋಣ" ಎನ್ನುವಷ್ಟು ಸಮಯ ಇರುವುದಿಲ್ಲ.

ಸ್ವಚ್ಛತೆ

ಒದ್ದೆ ಜಾಗ, ಹಿಕ್ಕೆ ದಿನಾ ತೆಗೆಯಿರಿ. ವಾರಕ್ಕೆ ಒಂದೆರಡು ಸಲ ಹಾಸು ಬದಲಿಸಿ, ತಟ್ಟೆಗೆ ಅಂಟಿದ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ಉಜ್ಜಿ ತೊಳೆದು ಒಣಗಿಸಿ. ಫಿನಾಯಿಲ್ ಬಳಸಬೇಡಿ, ಅದರ ಘಾಟು ಇವುಗಳಿಗೆ ಹಾನಿಕರ. ಗೂಡು ದೊಡ್ಡದಾದಷ್ಟೂ ಕೊಳೆ ಒಂದೇ ಕಡೆ ಸೇರದೆ ಸ್ವಚ್ಛ ಮಾಡುವುದು ಸುಲಭ ಎಂಬುದು ಮಾಡಿ ನೋಡಿದವರ ಅನುಭವ.

ಕೊನೆಯ ಮಾತು

ಮೊದಲು ಗೂಡು, ಆಮೇಲೆ ಗಿನಿ ಪಿಗ್. ಎರಡಕ್ಕೆ 10 ಚದರಡಿ ಗಟ್ಟಿ ನೆಲ, ಮೆತ್ತನೆ ಹಾಸು, ತಂಪು ಜಾಗ. ಇಷ್ಟನ್ನು ಕೊಡಲು ಮನೆಯಲ್ಲಿ ಜಾಗವಿಲ್ಲ ಎಂದಾದರೆ ಮಕ್ಕಳಿಗೆ ಅದನ್ನೇ ಬಿಡಿಸಿ ಹೇಳಿ. ಈಗಾಗಲೇ ಪುಟ್ಟ ಪಂಜರದಲ್ಲಿ ಸಾಕುತ್ತಿರುವ ಪರಿಚಯದವರಿದ್ದರೆ ಅವರನ್ನು ಬೈಯುವ ಬದಲು ಈ ಅಳತೆ ಕಳಿಸಿ. ಒಂದು ಸನ್‌ಪ್ಯಾಕ್ ಹಾಳೆ ಮತ್ತು ಹನ್ನೆರಡು ತಂತಿ ಫಲಕಗಳಿಂದ ಅವರ ಗಿನಿ ಪಿಗ್‌ನ ಬದುಕು ಬದಲಾಗಬಹುದು.