ಸಭಾಪಾಲಕರ ಹೊರೆಗೆ ಹೆಗಲು ಕೊಟ್ಟವರು: ಮುಂಬೈಯ ಒಂದು ಹಳೇ ಪ್ರಯೋಗ

ಒಂದು ಸಭೆಯಲ್ಲಿ ನೂರು ಕುಟುಂಬ ಇದೆ ಅಂದ್ಕೊಳ್ಳಿ. ಕಾಯಿಲೆ, ಸಾವು, ಮನೆ ಜಗಳ, ಕೆಲಸ ಹೋಗಿದ್ದು, ಎಲ್ಲದಕ್ಕೂ ಜನ ಸಭಾಪಾಲಕರನ್ನೇ ಕರೀತಾರೆ. ಅವರೇ ಸೋತರೆ? ಇವತ್ತು ಇದಕ್ಕೆ ಕೋಚಿಂಗ್, ಕನ್ಸಲ್ಟಿಂಗ್ ಅಂತ ಹೆಸರಿದೆ. ಆದರೆ ಇದೇ ಪ್ರಶ್ನೆಗೆ ಮುಂಬೈಯಲ್ಲಿ 150 ವರ್ಷಗಳ ಹಿಂದೆ ಒಂದು ಉತ್ತರ ಸಿಕ್ಕಿತ್ತು.

ಅದರ ಬೇರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದೆ. 1742ರಲ್ಲಿ ಅಲ್ಲಿನ ಮೆಥಡಿಸ್ಟರ ಮಂದಿರದ ಮೇಲೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕು, ಹನ್ನೆರಡು ಜನರಿಗೆ ಒಬ್ಬರು ಅದನ್ನ ವಸೂಲಿ ಮಾಡಬೇಕು ಅಂತ ತೀರ್ಮಾನ ಆಯ್ತು. ಪೆನ್ನಿಗಾಗಿ ಮನೆ ಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಜನರ ನಿಜವಾದ ಬದುಕು. ಜಾನ್ ವೆಸ್ಲಿ ಇದನ್ನ ಕೂಡಲೇ ಹಿಡಿದುಕೊಂಡರು. ಆ ಗುಂಪಿಗೆ ಕ್ಲಾಸ್ ಅಂತ ಹೆಸರಾಯ್ತು. ಕ್ಲಾಸ್ ಲೀಡರ್ ವಾರಕ್ಕೊಮ್ಮೆ ತನ್ನವರನ್ನ ನೋಡಬೇಕು, ಆಮೇಲೆ ಪಾಲಕರ ಹತ್ತಿರ ಹೋಗಿ ಯಾರು ಹೇಗಿದ್ದಾರೆ ಅಂತ ಹೇಳಬೇಕು. ಅಂದರೆ ಲೀಡರಿಗೂ ಪ್ರತಿ ವಾರ ಮಾರ್ಗದರ್ಶನ ಸಿಗ್ತಿತ್ತು. ಇಡೀ ವ್ಯವಸ್ಥೆಯ ಗುಟ್ಟು ಇಲ್ಲೇ ಇದೆ.

ಈಗ ಮುಂಬೈಗೆ ಬರೋಣ. ಅಮೆರಿಕದ ವಿಲಿಯಂ ಟೇಲರ್ ಇಲ್ಲಿಗೆ ಬಂದದ್ದು 1871ರ ನವೆಂಬರ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಬೋಧನೆ ಮಾಡಿ ಹೆಸರಾದವರು. ಅವರ ಮಾತು ಕೇಳಿ ಬದಲಾದವರನ್ನ ಅವರು ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಕೂರಿಸಿದರು, ಲೀಡರುಗಳನ್ನ ಆ ಜನರಿಂದಲೇ ಆರಿಸಿದರು. ಗುಂಪು ಮೊದಲು, ಚರ್ಚ್ ಆಮೇಲೆ. 1872ರ ಫೆಬ್ರವರಿಯಲ್ಲಿ ಮೆಥಡಿಸ್ಟ್ ಸಭೆ ಆರಂಭವಾದಾಗ ಟೇಲರ್ ಒಂದು ಪಟ್ಟು ಹಿಡಿದರು: ವಿದೇಶಿ ಸೊಸೈಟಿಯ ಹಣ ಬೇಡ, ಸಭೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಅವರ ಜೊತೆ ನಿಂತವರು ಜಾರ್ಜ್ ಬೋವೆನ್. 1848ರಿಂದ ಮುಂಬೈಯಲ್ಲಿದ್ದವರು, ಮರಾಠಿ ಬಲ್ಲವರು, ಮಿಷನ್ ಸಂಬಳ ಬೇಡ ಅಂತ ಬಿಟ್ಟವರು. ‘ಬಾಂಬೆ ಗಾರ್ಡಿಯನ್’ ಪತ್ರಿಕೆ ನಡೆಸುತ್ತಾ 1888ರಲ್ಲಿ ಸಾಯುವ ತನಕ ಈ ಊರಲ್ಲೇ ಇದ್ದರು. ಟೇಲರ್ ಊರೂರು ತಿರುಗಿ ಹೊರಟುಹೋಗುವವರು, ಬೋವೆನ್ ಉಳಿಯುವವರು. ಲೀಡರುಗಳಿಗೆ ಬೇಕಾದದ್ದು ಈ ಎರಡನೇ ಥರದವರು, ಅಲ್ವಾ?

ಹಾಗಂತ ಎಲ್ಲಾ ಸರಿಹೋಯ್ತು ಅಂತಲ್ಲ. ಟೇಲರಿಗೆ ಇಲ್ಲಿನ ಭಾಷೆ ಬರ್ತಿರಲಿಲ್ಲ. ಸಭೆ ಎಲ್ಲರದ್ದು ಅಂದರೂ ಸೇರಿದವರು ಹೆಚ್ಚಾಗಿ ಇಂಗ್ಲಿಷ್ ಆಡುವವರು. ಸಂಬಳ ಇದ್ದವರ ಕಾಣಿಕೆಯಲ್ಲಿ ಸಭೆ ನಡೀತು, ಆದರೆ ಬಡವರ ನಡುವೆ, ಅವರ ಭಾಷೆಯಲ್ಲಿ ಕೆಲಸ ಬೆಳೆಸೋಕೆ ಆ ದುಡ್ಡು ಸಾಲಲಿಲ್ಲ. ಮುಂದೆ ಸೊಸೈಟಿಯ ನೆರವು ಪಡೆಯಲೇಬೇಕಾಯ್ತು.

ನಮ್ಮ ನಾಡಿಗೂ ಇದರ ಎಳೆ ಇದೆ. 1876ರ ನವೆಂಬರ್‌ನಲ್ಲಿ ಮುಂಬೈಯಲ್ಲೇ ಕೂಡಿದ ಸೌತ್ ಇಂಡಿಯಾ ಕಾನ್ಫರೆನ್ಸ್‌ಗೆ ಬೆಂಗಳೂರಿನ ಸಭೆಯೂ ಸೇರಿತ್ತು. 1890ರಲ್ಲಿ ಕೋಲಾರ, 1904ರಲ್ಲಿ ಬೆಳಗಾವಿಯ ಕೆಲಸ ಮೆಥಡಿಸ್ಟರ ಕೈಗೆ ಬಂತು. ಅಲ್ಲಿ ಲೀಡರ್ ಆಗಬೇಕಾದವನು ಕನ್ನಡದಲ್ಲೇ ಸಮಾಧಾನ ಹೇಳಬೇಕಿತ್ತು.

ನಿಮ್ಮ ಸಭೆಯಲ್ಲಿ ಪಾಲಕರನ್ನ ‘ನೀವು ಹೇಗಿದ್ದೀರಿ?’ ಅಂತ ವಾರಕ್ಕೊಮ್ಮೆ ಕೇಳುವವರು ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಈ ಭಾನುವಾರ ನೀವೇ ಕೇಳಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.